ಅಕ್ಷರ ಎಳೆಯಬೇಡಿ, ಪದ ಒಡೆಯಬೇಡಿ

ಮೈಸೂರಿನ ಜಯಲಕ್ಷ್ಮಿಪುರಂ, ಒಂಟಿಕೊಪ್ಪಲು, ಮಾನಸಗಂಗೋತ್ರಿಯ ಆಸುಪಾಸಿನಲ್ಲಿ ಡಿಟಿಪಿ ಕೆಲಸ ಮಾಡುವ ಎಲ್ಲ ಗೆಳೆಯ ಗೆಳತಿಯರಿಗೆ,



ನಿಮ್ಮಲ್ಲಿ ಹಲವರಿಗೆ ನನ್ನ ಮುಖಕ್ಕಿಂತ ನನ್ನ ಕೆಂಪು ಶಾಯಿಯೇ ಹೆಚ್ಚು ಪರಿಚಯ. ನೀವು ಕಟ್ಟಿದ ಪುಟಗಳ ಕರಡು ತಿದ್ದುವುದು ನನ್ನ ಕಸುಬು. ಪಿಎಚ್.ಡಿ. ಪ್ರಬಂಧ, ಅಭಿನಂದನ ಗ್ರಂಥ, ಕವನ ಸಂಕಲನ, ಸಹಕಾರ ಸಂಘದ ವಾರ್ಷಿಕ ವರದಿ, ಯಾವುದಾದರೂ ಸರಿ, ನಿಮ್ಮ ಕಂಪ್ಯೂಟರಿನಿಂದ ಹೊರಟದ್ದು ನನ್ನ ಮೇಜಿಗೊಮ್ಮೆ ಬಂದು ಹೋಗುತ್ತದೆ. ಈ ಪತ್ರ ಕಾಗುಣಿತದ ತಪ್ಪುಗಳ ಬಗ್ಗೆ ಅಲ್ಲ. ಅವನ್ನು ತಿದ್ದುವುದಕ್ಕೆಂದೇ ನನಗೆ ದುಡ್ಡು ಕೊಡುತ್ತಾರೆ, ಇರಲಿ. ಅಕ್ಷರ ಅಕ್ಷರದ ನಡುವೆ, ಪದ ಪದದ ನಡುವೆ ಬಿಡುವ ಖಾಲಿ ಜಾಗದ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

ಈಚೆಗೆ ಒಂದು ಸಂಶೋಧನ ಪ್ರಬಂಧದಲ್ಲಿ, ಸಾಲಿನ ನಟ್ಟನಡುವೆ, ‘ಮಾಡಬೇಕಾ ಗಿದೆ’ ಎಂದಿತ್ತು. ಮುಂದಿನ ಪುಟದಲ್ಲಿ ‘ವಿಶ್ವವಿದ್ಯಾ ನಿಲಯ’. ಅದರ ಕೆಳಗೆ ‘ಹೇಳಲಾಗು-ತ್ತದೆ’, ಅಡ್ಡಗೆರೆ ಸಮೇತ. ಟೈಪು ಮಾಡಿದವರಿಗೆ ಕನ್ನಡವೇ ಬರುವುದಿಲ್ಲ ಎಂದು ಲೇಖಕರು ಸಿಡುಕಿದರು. ನಾನು ಒಪ್ಪಲಿಲ್ಲ. ಮೊದಲ ಕರಡಿನಲ್ಲಿ ಆ ಪದಗಳು ಸಾಲಿನ ಕೊನೆಯಲ್ಲಿದ್ದವು. ಇಡೀ ಪದ ಕೆಳಗಿಳಿದರೆ ಮೇಲಿನ ಸಾಲು ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತದೆಂದು ನಿಮ್ಮಲ್ಲಿ ಒಬ್ಬರು ಪದದ ನಡುವೆ ಸ್ಪೇಸ್ ಬಾರ್ ಒತ್ತಿ ಅರ್ಧವನ್ನು ಮೇಲಕ್ಕೆ ಕಳಿಸಿದ್ದರು. ಆ ಹೊತ್ತಿಗೆ ಪುಟ ಚೆನ್ನಾಗಿಯೇ ಕಂಡಿತು. ಆಮೇಲೆ ಮಾರ್ಗದರ್ಶಕರು ಎರಡು ವಾಕ್ಯ ಸೇರಿಸಿದರು, ಸಾಲುಗಳೆಲ್ಲ ಜರುಗಿದವು, ಒಡೆದ ಪದ ಒಡೆದೇ ಉಳಿದು ಸಾಲಿನ ಮಧ್ಯಕ್ಕೆ ಬಂದು ಕುಳಿತಿತು. ಕನ್ನಡ ಬಾರದವರು ಮಾಡಿದ್ದಲ್ಲ ಇದು. ಪುಟ ಚೆಂದ ಕಾಣಲಿ ಎಂದು ಕಾಳಜಿ ಪಟ್ಟವರು ಮಾಡಿದ್ದು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಕಾಳಜಿ ಇಲ್ಲದವರಿಗೆ ಪತ್ರ ಬರೆದು ಏನು ಪ್ರಯೋಜನ?

ನಾನು ಹೇಳಬೇಕಾದದ್ದು ಇಷ್ಟೇ: ಜಾಗವನ್ನು ಪಠ್ಯದೊಳಗೆ ತುಂಬಬೇಡಿ. ಎಷ್ಟು ಜಾಗ ಬೇಕೆಂದು ತಂತ್ರಾಂಶಕ್ಕೆ ಹೇಳಿ, ಅದು ಬಿಡಲಿ. ಹಾಗೆ ಬಿಡುವಾಗಲೂ ಪದಗಳ ನಡುವೆ ಬಿಡಲಿ, ಅಕ್ಷರಗಳ ನಡುವೆ ಬೇಡ.

ಯಾಕೆ ಅಷ್ಟು ಹಟ ಎನ್ನುತ್ತೀರಾ? ಪುಟಕ್ಕಿಂತ ಪಠ್ಯಕ್ಕೆ ಆಯುಸ್ಸು ಹೆಚ್ಚು. ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ, ಇನ್ನೂ ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ. ದಶಕಗಳಾದ ಮೇಲೆ ವಿಶ್ವವಿದ್ಯಾನಿಲಯ ಅದನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅದರ ಬರಹಗಳು ಇವತ್ತು ಯೂನಿಕೋಡಿನಲ್ಲಿ, ಹುಡುಕಿದರೆ ಫೋನಿನಲ್ಲೇ ಸಿಗುತ್ತವೆ. ಅಂದು ಮೊಳೆ ಜೋಡಿಸಿದವರು ಇಂಥದೊಂದನ್ನು ಕನಸಿನಲ್ಲೂ ಎಣಿಸಿರಲಾರರು. ನೀವು ಇವತ್ತು ಕಟ್ಟುವ ಪುಸ್ತಕಕ್ಕೂ ಅದೇ ಯೋಗ ಬರಬಹುದು. ಆಗ ‘ಮಾಡಬೇಕಾಗಿದೆ’ ಎಂದು ಹುಡುಕಿದವರಿಗೆ ‘ಮಾಡಬೇಕಾ ಗಿದೆ’ ಸಿಗುವುದಿಲ್ಲ. ಓದಿ ಹೇಳುವ ತಂತ್ರಾಂಶದ ಮೂಲಕ ಪುಸ್ತಕ ಕೇಳುವ ಅಂಧ ವಿದ್ಯಾರ್ಥಿಗೆ ಅದು ಎರಡು ಅರ್ಥವಿಲ್ಲದ ಶಬ್ದಗಳಾಗಿ ಕೇಳುತ್ತದೆ.

ಇನ್ನು ಅಕ್ಷರಗಳ ನಡುವಿನ ಜಾಗ. ನಿಮ್ಮಲ್ಲಿ ಅರ್ಧಕ್ಕರ್ಧ ಜನ ಇಂದಿಗೂ ಪೇಜ್‌ಮೇಕರಿನಲ್ಲೇ ಕೆಲಸ ಮಾಡುತ್ತೀರಿ ಎಂಬುದು ನನಗೆ ಗೊತ್ತು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು, ಹಾಗಾಗಿ ನುಡಿ ಅಥವಾ ಬೇರೆ ಯಾವುದೋ ಆಸ್ಕಿ ಫಾಂಟೇ ಗತಿ. ಆಸ್ಕಿ ಫಾಂಟೆಂದರೆ ಏನು? ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುವುದು. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ನುಡಿ ಫೈಲು ತೆರೆದಾಗ ಕಾಣುವ ಗೋಜಲು ಚಿಹ್ನೆಗಳನ್ನು ಎಣಿಸಿ ನೋಡಿ. ‘ಕನ್ನಡ’ ಎಂಬ ಮೂರಕ್ಷರಕ್ಕೆ ಅಲ್ಲಿ ಏಳು ತುಂಡು: ಕ-ದ ಒಡಲು, ಅದರ ತಲೆಕಟ್ಟು, ನ-ದ ಒಡಲು, ಅದರ ತಲೆಕಟ್ಟು, ನ-ದ ಒತ್ತು, ಡ-ದ ಒಡಲು, ಅದರ ತಲೆಕಟ್ಟು. ಒತ್ತು ಬೇರೆ ಸರಿ, ತಲೆಕಟ್ಟು ಕೂಡ ಬೇರೆ! ಅಕ್ಷರಗಳನ್ನು ಹಿಗ್ಗಿಸಲು ಟ್ರ್ಯಾಕಿಂಗ್ ಸಡಿಲ ಮಾಡಿದಿರೋ, ತಂತ್ರಾಂಶ ಪಾಪ ಏಳನ್ನೂ ಏಳು ಅಕ್ಷರವೆಂದೇ ತಿಳಿದು ಪ್ರತಿಯೊಂದರ ಆಚೆ ಜಾಗ ಬಿಡುತ್ತದೆ. ತಲೆಕಟ್ಟು ಒಡಲನ್ನು ಬಿಟ್ಟು ಬಲಕ್ಕೆ ಜರುಗುತ್ತದೆ. ಒತ್ತು ಮುಂದಿನ ಅಕ್ಷರದ ಕಾಲಡಿ ಹೋಗುತ್ತದೆ. ‘ಧರ್ಮರಾಯ’ದ ಅರ್ಕಾವೊತ್ತು ಮ-ದ ಕೈಬಿಟ್ಟು ರಾ-ದ ಹೆಗಲು ಹಿಡಿಯುತ್ತದೆ. ಹೀಗೆ ಎಳೆದ ಶೀರ್ಷಿಕೆಗಳು ಮದುವೆಯ ಕರೆಯೋಲೆಯಲ್ಲಿ, ಫ್ಲೆಕ್ಸಿನಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ಚಿನ್ನದ ಶಾಯಿಯಲ್ಲಿ ಅಚ್ಚು ಹಾಕಿಸಿರುತ್ತಾರೆ, ತಲೆಕಟ್ಟು ಮಾತ್ರ ಹಾರಿರುತ್ತದೆ.

ಯೂನಿಕೋಡಿಗೆ ಬಂದವರು ಬಚಾವೇ? ಬಹುಮಟ್ಟಿಗೆ. ನಮ್ಮ ಬಡಾವಣೆಯ ಹೆಸರನ್ನೇ ತೆಗೆದುಕೊಳ್ಳಿ. ಜ, ಯ, ಲ, ಕ್ಷ್ಮಿ, ಪು, ರಂ: ಕಣ್ಣಿಗೆ ಆರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ 13 ಸಂಕೇತ, ಅದರಲ್ಲಿ ‘ಕ್ಷ್ಮಿ’ ಒಂದೇ ಆರನ್ನು ನುಂಗುತ್ತದೆ. ಒಳ್ಳೆಯ ತಂತ್ರಾಂಶ ಈ ಆರನ್ನೂ ಒಂದೇ ಗಂಟೆಂದು ಹಿಡಿದು, ಆ ಗಂಟಿನ ಆಚೆ ಮಾತ್ರ ಜಾಗ ಬಿಡಬೇಕು. ಎಲ್ಲವೂ ಹಾಗೆ ಮಾಡುವುದಿಲ್ಲ. ಕೆಲವದರಲ್ಲಿ ಕೊನೆಯ ಸೊನ್ನೆ ರ-ದಿಂದ ಕಳಚಿ ಒಂಟಿಯಾಗಿ ನಿಲ್ಲುತ್ತದೆ, ಕೆಲವದರಲ್ಲಿ ದೀರ್ಘ ದೂರ ಸರಿಯುತ್ತದೆ. ಇಂಗ್ಲಿಷಿನಲ್ಲಿ ಇದೇ ಹೆಸರಿಗೆ 16 ಅಕ್ಷರ. ಬೋರ್ಡು ಬರೆಯುವವರು ಎರಡು ಸಾಲೂ ಒಂದೇ ಅಗಲ ಬರಲೆಂದು ಕನ್ನಡದ ಆರನ್ನು ಹಿಡಿದು ಎಳೆಯುತ್ತಾರೆ. ಎಳೆಯುವ ಬದಲು ಕನ್ನಡದ ಅಕ್ಷರವನ್ನೇ ದೊಡ್ಡದು ಮಾಡಬಹುದಲ್ಲ? ಕನ್ನಡವೂ ದೊಡ್ಡದಾಗಿ ಕಂಡ ಹಾಗಾಯಿತು, ಬೋರ್ಡಿನಲ್ಲಿ ಕನ್ನಡವೇ ಎದ್ದು ಕಾಣಬೇಕೆಂಬ ನಿಯಮವನ್ನೂ ಪಾಲಿಸಿದ ಹಾಗಾಯಿತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನಮ್ಮ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಿಂದ ಕೂಡಿಟ್ಟಿರುವಂಥ ತಾಳೆಗರಿ ಕಟ್ಟುಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಪದಗಳ ನಡುವೆ ಜಾಗವೇ ಇಲ್ಲ. ಗರಿಯ ಈ ತುದಿಯಿಂದ ಆ ತುದಿಗೆ ಅಕ್ಷರಗಳು ಒಂದರ ಪಕ್ಕ ಒಂದು ನಡೆದೇ ಇರುತ್ತವೆ. ದಾರ ಪೋಣಿಸುವ ತೂತಿನ ಸುತ್ತ ಮಾತ್ರ ಬಯಲು. ಗರಿ ಮುಗಿದಲ್ಲಿ ಪದ ಮುರಿಯುತ್ತದೆ, ಉಳಿದದ್ದು ಮುಂದಿನ ಸಾಲಿಗೆ. ಅಡ್ಡಗೆರೆಯ ಗೊಡವೆ ಇಲ್ಲ. ಆದರೆ ಅಕ್ಷರದೊಳಗೆ ಮುರಿಯುವುದಿಲ್ಲ. ಒತ್ತನ್ನು ಒಂದು ಸಾಲಿನಲ್ಲಿ, ಒಡಲನ್ನು ಇನ್ನೊಂದು ಸಾಲಿನಲ್ಲಿ ಯಾರೂ ಬರೆಯಲಿಲ್ಲ. ಪದ ಪದದ ನಡುವೆ ಬಿಡುವು ಕೊಡುವ ರೂಢಿ ನಮ್ಮಲ್ಲಿ ಬಲವಾದದ್ದು ಅಚ್ಚಿನ ಜೊತೆಗೆ. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನದು, ಕೈಯಲ್ಲಿ ಬರೆದದ್ದು, ಜಾಗವೂ ಕೈಯ ಅಳತೆ. ಸೀಸದ ಮೊಳೆಯ ಲೆಕ್ಕ ಬೇರೆ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಾಗಲಿ ನಮ್ಮ ಮೈಸೂರಿನ ವೆಸ್ಲಿ ಪ್ರೆಸ್ಸಿನಲ್ಲಾಗಲಿ ಮೊಳೆ ಜೋಡಿಸುವವರು ಪದಗಳ ನಡುವೆ ತಲೆಯಿಲ್ಲದ ಗಿಡ್ಡ ಮೊಳೆ ಇಡಬೇಕಿತ್ತು: ದಪ್ಪದ್ದು ಎಮ್ಮಿನ (ಅಕ್ಷರದ ಪಾಯಿಂಟ್ ಗಾತ್ರದಷ್ಟೇ ಅಗಲ) ಮೂರನೆಯ ಒಂದು ಪಾಲು, ನಡುವಿನದು ನಾಲ್ಕನೆಯ ಒಂದು, ತೆಳುವಾದದ್ದು ಐದನೆಯ ಒಂದು. ಸಾಲು ಸಡಿಲವಾದರೆ ತೆಳುವನ್ನು ಕಿತ್ತು ದಪ್ಪ ಹಾಕು, ಬಿಗಿಯಾದರೆ ದಪ್ಪ ಕಿತ್ತು ತೆಳುವನ್ನು ಹಾಕು. ಏನೇ ಮಾಡಿದರೂ ಪದಗಳ ನಡುವೆಯೇ ಮಾಡಬೇಕು. ಸೀಸದ ಅಕ್ಷರವನ್ನು ಪಕ್ಕದ್ದರೊಳಗೆ ಒತ್ತಿ ತೂರಿಸಲು ಯಾವ ಮೇಸ್ತ್ರಿಗೂ ಆಗದು. ಲೋಹದ ಗಡಸುತನವೇ ಅಕ್ಷರವನ್ನು ಕಾಯುತ್ತಿತ್ತು. ಆ ಕಾವಲು ಕಂಪ್ಯೂಟರಿನ ಕಾಲಕ್ಕೆ ಹೋಯಿತು. ಎಮ್ಮಿನ ಸಾವಿರದಲ್ಲಿ ಒಂದು ಪಾಲಿನ ಅಳತೆಯಲ್ಲಿ ಯಾವ ಅಕ್ಷರವನ್ನು ಬೇಕಾದರೂ ಹಿಗ್ಗಿಸಬಹುದು, ಕುಗ್ಗಿಸಬಹುದು. ಸಿಕ್ಕ ಸಲಿಗೆಯನ್ನು ನಾವು ಬೇಕಾಬಿಟ್ಟಿ ಬಳಸಿದೆವು.

ಇನ್‌ಡಿಸೈನ್ ಬಳಸುವವರಿಗೆ ಈಗ ಒಂದು ಮಾತು. ಪ್ಯಾರಾಗ್ರಾಫ್ ಮೆನುವಿನಲ್ಲಿ ಜಸ್ಟಿಫಿಕೇಶನ್ ಎಂಬ ಕಿಟಕಿ ಇದೆ. ತೆರೆದರೆ ವರ್ಡ್ ಸ್ಪೇಸಿಂಗ್ ಎದುರು 80, 100, 133 ಎಂದಿರುತ್ತದೆ. ಲೆಟರ್ ಸ್ಪೇಸಿಂಗ್ ಎದುರು ಮೂರೂ ಸೊನ್ನೆ. ಗ್ಲಿಫ್ ಸ್ಕೇಲಿಂಗ್ ಎದುರು ಮೂರೂ 100. ಕನಿಷ್ಠ ಇಷ್ಟು, ಬೇಕಾದದ್ದು ಇಷ್ಟು, ಗರಿಷ್ಠ ಇಷ್ಟು ಎಂಬ ಲೆಕ್ಕ. ಈ 80 ಇಂಗ್ಲಿಷಿಗೆ ಸರಿ. ಕನ್ನಡಕ್ಕೆ ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರಣ ನಮ್ಮ ಒತ್ತು. ‘ಪ್ರತಿ’ ಎಂದು ದೊಡ್ಡದಾಗಿ ಬರೆದು ನೋಡಿ. ರ-ದ ಒತ್ತು ಪ-ದ ಕೆಳಗೆ ಬಲಕ್ಕೆ ಚಾಚುತ್ತದೆ, ಚಾಚಿದಷ್ಟು ಅಗಲವನ್ನು ತಾನೇ ತಿನ್ನುತ್ತದೆ. ಹಾಗಾಗಿ ಮೇಲುಗಡೆ ಪ-ಕ್ಕೂ ತಿ-ಗೂ ನಡುವೆ ಒಂದು ಬಯಲು ಬಿದ್ದಿರುತ್ತದೆ. ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’ದಂಥ ಪದಗಳಲ್ಲಿ ಅದು ಇನ್ನೂ ಅಗಲ. ಪದದೊಳಗೇ ಇಂಥ ಬಯಲು ಇರುವಾಗ ಪದ ಪದದ ನಡುವಿನ ಜಾಗವನ್ನು 80ಕ್ಕೆ ಇಳಿಸಿದರೆ ಒಳಗಿನ ಬಯಲಿಗೂ ಹೊರಗಿನ ಬಯಲಿಗೂ ವ್ಯತ್ಯಾಸ ತಿಳಿಯದು. ಕಣ್ಣು ತಡವರಿಸುತ್ತದೆ, ಪದ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಒಂದು ಕ್ಷಣ ಹುಡುಕುತ್ತದೆ. ನನ್ನ ಲೆಕ್ಕ ಹೀಗೆ: ಕನಿಷ್ಠ 90ಕ್ಕಿಂತ ಕೆಳಗೆ ಬೇಡ, ಗರಿಷ್ಠ 150ರವರೆಗೆ ಬಿಡಿ. ಲೆಟರ್ ಸ್ಪೇಸಿಂಗಿನ ಮೂರು ಸೊನ್ನೆಯನ್ನು ಮುಟ್ಟಲೇಬೇಡಿ. ಗ್ಲಿಫ್ ಸ್ಕೇಲಿಂಗ್ ಬೇಕೇ ಬೇಕೆಂದರೆ 98ರಿಂದ 102. ಫಾಂಟು ಬದಲಾದರೆ ಈ ಅಂಕಿಗಳೂ ಅಷ್ಟಿಷ್ಟು ಬದಲಾಗಬೇಕು, ಯಾಕೆಂದರೆ ಈ ನೂರು ಎನ್ನುವುದು ಆ ಫಾಂಟು ಮಾಡಿದವರು ಸ್ಪೇಸಿಗೆ ಕೊಟ್ಟಿರುವ ಅಗಲ. ಎರಡು ಪುಟ ಅಚ್ಚು ತೆಗೆದು ತೋಳಳತೆ ದೂರದಲ್ಲಿ ಹಿಡಿದು ನೋಡಿ, ನಿಮಗೇ ತಿಳಿಯುತ್ತದೆ. ಪರದೆಯ ಮೇಲೆ ನೋಡಿ ತೀರ್ಮಾನಿಸಬೇಡಿ.

ಅಂಕಿ ಸರಿಪಡಿಸಿದರೂ ಸಾಲು ಬಾಯಿ ಬಿಡುವುದು ಪೂರ್ತಿ ನಿಲ್ಲುವುದಿಲ್ಲ, ಅದೂ ನನಗೆ ಗೊತ್ತು. ಕನ್ನಡದ ಪದ ಉದ್ದ. ವಿಭಕ್ತಿ, ಅವ್ಯಯ, ಕ್ರಿಯಾಪದ ಎಲ್ಲ ಬಾಲ ಹಿಡಿದು ಬರುತ್ತವೆ: ‘ಬರಬೇಕಾಗಿತ್ತೆಂಬುದನ್ನು’ ಒಂದೇ ಪದ. ದಿನಪತ್ರಿಕೆಯ ಕಾಲಮ್ಮಿನಲ್ಲಿ ಅಂಥ ಎರಡು ಪದ ಬಂದರೆ ಸಾಲು ಮುಗಿಯಿತು. ಮೂರನೆಯದು ಹಿಡಿಸದಿದ್ದರೆ ಎರಡರ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ. ಇದಕ್ಕೆ ಮದ್ದು ಪದವನ್ನು ಸಾಲಿನ ಕೊನೆಯಲ್ಲಿ ಮುರಿಯುವುದೇ. ಆದರೆ ಮುರಿಯುವ ಕೆಲಸ ತಂತ್ರಾಂಶದ್ದು, ನಿಮ್ಮ ಹೆಬ್ಬೆರಳಿನದ್ದಲ್ಲ. ಇನ್‌ಡಿಸೈನ್ ಸಿಎಸ್6ರಿಂದ, ಅಂದರೆ 2012ರಿಂದ, ಕನ್ನಡವೂ ಅದರ ಭಾಷೆಗಳ ಪಟ್ಟಿಯಲ್ಲಿದೆ. ನಿಮ್ಮಲ್ಲಿ ಬಹಳ ಮಂದಿ ಪಠ್ಯದ ಭಾಷೆ ಇಂಗ್ಲಿಷ್ ಎಂದೇ ಬಿಟ್ಟಿರುತ್ತೀರಿ, ಹಾಗಾಗಿ ಅದು ಕನ್ನಡದ ಪದವನ್ನು ಮುಟ್ಟಲು ಹೆದರುತ್ತದೆ. ಕ್ಯಾರೆಕ್ಟರ್ ಫಲಕದಲ್ಲಿ ಭಾಷೆಯನ್ನು ಕನ್ನಡ ಮಾಡಿ, ಕಂಪೋಸರನ್ನು ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಮಾಡಿ, ಹೈಫನೇಶನ್ ಗುರುತು ಹಾಕಿ. ಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶ ಬಳಸುವ ಗಣಿತದವರು ಯಾರಾದರೂ ಓದುತ್ತಿದ್ದರೆ, ಕೇರಳದ ಸಂತೋಷ್ ತೋಟ್ಟಿಂಗಲ್ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಪದ ಮುರಿಯುವ ನಿಯಮಗಳನ್ನು ತಯಾರಿಸಿ ಉಚಿತವಾಗಿ ಹಂಚಿದ್ದಾರೆ. ಅವನ್ನು ಬಳಸಿ.

ಯಂತ್ರ ಎಲ್ಲಿ ಮುರಿಯಬಾರದೋ ಅಲ್ಲಿ ಮುರಿದರೆ? ಮುರಿಯುತ್ತದೆ. ‘ಹೆಂಡತಿ’ಯನ್ನು ‘ಹೆಂಡ’ ಎಂದು ಒಂದು ಸಾಲಿನಲ್ಲಿ ಬಿಟ್ಟು ‘ತಿ’ಯನ್ನು ಕೆಳಗೆ ತಳ್ಳಿದರೆ ಸಂಸಾರ ಕೆಡುತ್ತದೆ. ಅಂಥ ಕಡೆ ಮಾತ್ರ ಕೈ ಹಾಕಿ, ಆದರೆ ಸ್ಪೇಸ್ ಬಾರಿಗಲ್ಲ, ಸಾದಾ ಅಡ್ಡಗೆರೆಗೂ ಅಲ್ಲ. ಕಂಟ್ರೋಲ್, ಶಿಫ್ಟ್, ಅಡ್ಡಗೆರೆ ಮೂರನ್ನೂ ಒಟ್ಟಿಗೆ ಒತ್ತಿದರೆ ಐಚ್ಛಿಕ ಹೈಫನ್ ಬೀಳುತ್ತದೆ (ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಅಡ್ಡಗೆರೆ ಸಾಕು). ಪದ ಸಾಲಿನ ಕೊನೆಗೆ ಬಂದಾಗ ಮಾತ್ರ ಅದು ಕಾಣುತ್ತದೆ. ಪದ ಜರುಗಿ ನಡುವಿಗೆ ಬಂದರೆ ತಾನೇ ಮರೆಯಾಗುತ್ತದೆ. ಆ ಪ್ರಬಂಧದ ‘ಹೇಳಲಾಗು-ತ್ತದೆ’ಗೆ ಇಷ್ಟೇ ಬೇಕಿತ್ತು.

ಪ್ಯಾರಾಗ್ರಾಫ್ ಕಂಪೋಸರ್ ಅಂದೆನಲ್ಲ, ಅದರ ಹಿಂದೆ ಒಂದು ಕಥೆ ಇದೆ. ಡೊನಾಲ್ಡ್ ಕ್ನೂತ್ ಎಂಬ ಅಮೆರಿಕದ ಗಣಕವಿಜ್ಞಾನಿ 1977ರಲ್ಲಿ ತನ್ನ ಪುಸ್ತಕದ ಹೊಸ ಆವೃತ್ತಿಯ ಕರಡು ನೋಡಿ, ಅಚ್ಚಿನ ಅಂದ ಕೆಟ್ಟಿದ್ದಕ್ಕೆ ಬೇಸತ್ತು, ಸ್ವಂತ ಅಕ್ಷರಜೋಡಣೆ ತಂತ್ರಾಂಶವನ್ನೇ ಬರೆಯಲು ಕುಳಿತ. ಅದೇ ಟೆಕ್. ಅವನು ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ಲೇಖನದ ತಿರುಳು ಇದು: ಸಾಲನ್ನು ಒಂದೊಂದಾಗಿ ಮುರಿಯಬೇಡ, ಇಡೀ ಪ್ಯಾರಾವನ್ನು ಒಟ್ಟಿಗೆ ನೋಡು, ಮೊದಲ ಸಾಲನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟರೆ ಐದನೆಯ ಸಾಲು ಬಾಯಿ ಬಿಡುವುದು ತಪ್ಪೀತು. ಪದಗಳ ನಡುವಿನ ಜಾಗ ಇಂತಿಷ್ಟು ಹಿಗ್ಗಬಹುದು, ಇಂತಿಷ್ಟು ಕುಗ್ಗಬಹುದು ಎಂದು ಹೇಳಿಬಿಟ್ಟರೆ ಉಳಿದ ಲೆಕ್ಕ ಯಂತ್ರದ್ದು. ಪೇಜ್‌ಮೇಕರ್ ಸಾಲು ಸಾಲಾಗಿ ಮುರಿಯುತ್ತದೆ. 1999ರಲ್ಲಿ ಬಂದ ಇನ್‌ಡಿಸೈನ್ ಪ್ಯಾರಾ ಪೂರ್ತಿ ನೋಡುತ್ತದೆ. ಪೇಜ್‌ಮೇಕರ್ ಬಿಡಿ ಎಂದು ನಾನು ಗೋಗರೆಯುವುದಕ್ಕೆ ಯೂನಿಕೋಡಿನಷ್ಟೇ ದೊಡ್ಡ ಕಾರಣ ಇದು.

ಕೆಲವು ಚಿಲ್ಲರೆ ವಿಷಯಗಳು. ‘1969 ರಲ್ಲಿ’ ಎಂದು ಅಂಕಿಗೂ ‘ರಲ್ಲಿ’ಗೂ ನಡುವೆ ಜಾಗ ಬಿಟ್ಟರೆ ‘ರಲ್ಲಿ’ ಯಾವತ್ತೋ ಒಂದು ದಿನ ಸಾಲಿನ ಮೊದಲಿಗೆ ಹೋಗಿ ಅನಾಥವಾಗುತ್ತದೆ, ಅಂಟಿಸಿಯೇ ಬರೆಯಿರಿ. ‘ಕೆ.ಎಸ್.’ ಒಂದು ಸಾಲಿನ ತುದಿಯಲ್ಲಿ, ‘ನರಸಿಂಹಸ್ವಾಮಿ’ ಕೆಳಗಿನ ಸಾಲಿನಲ್ಲಿ ಬಾರದ ಹಾಗೆ ನಡುವೆ ಮುರಿಯದ ಜಾಗ ಹಾಕಿ, ಇನ್‌ಡಿಸೈನಿನಲ್ಲಿ ಕಂಟ್ರೋಲ್, ಆಲ್ಟ್, ಎಕ್ಸ್. ಪ್ರಶ್ನಾರ್ಥಕದ ಹಿಂದೆ ಜಾಗ ಬೇಡ. ಎರಡೂ ಅಂಚು ಸಮ ಮಾಡಿದ ಪ್ಯಾರಾದಲ್ಲಿ ಶಿಫ್ಟ್ ಒತ್ತಿ ಎಂಟರ್ ಹೊಡೆದರೆ ಮೂರು ಪದದ ಸಾಲೂ ಅಂಚಿನಿಂದ ಅಂಚಿಗೆ ಎಳೆದುಕೊಳ್ಳುತ್ತದೆ. ಕವಿತೆ ಕಟ್ಟುವಾಗ ಎಡಕ್ಕೆ ಜೋಡಿಸಿ, ಆ ಕಾಟವೇ ಇರುವುದಿಲ್ಲ.

‘ರಾಜ್‌ಕುಮಾರ್’ ವಿಷಯಕ್ಕೆ ಮಾತ್ರ ಒಂದು ಪ್ಯಾರಾ ಬೇಕು. ಯೂನಿಕೋಡಿನಲ್ಲಿ ಹಾಗೇ ಟೈಪಿಸಿದರೆ ಕ-ದ ಒತ್ತು ಜ-ದ ಕೆಳಗೆ ಸೇರಿ ‘ರಾಜ್ಕುಮಾರ್’ ಆಗುತ್ತದೆ. ಅದು ಬೇಡವೆಂದು ನೀವು ‘ರಾಜ್ ಕುಮಾರ್’ ಎಂದು ಜಾಗ ಬಿಡುತ್ತೀರಿ; ಅಣ್ಣಾವ್ರ ಹೆಸರು ಎರಡು ತುಂಡಾಯಿತು. ‘ಸಾಫ್ಟ್‌ವೇರ್’ದೂ ಅದೇ ಪಾಡು. ಇದಕ್ಕೆಂದೇ ಯೂನಿಕೋಡ್ ಅಗಲವೇ ಇಲ್ಲದ ಒಂದು ಅಕ್ಷರ ಇಟ್ಟಿದೆ, ಜೀರೋ ವಿಡ್ತ್ ನಾನ್-ಜಾಯ್ನರ್ ಅನ್ನುತ್ತಾರೆ. ಒತ್ತು ಕೂಡದ ಹಾಗೆ ತಡೆಯುತ್ತದೆ, ಜಾಗ ಮಾತ್ರ ಕೂದಲೆಳೆಯಷ್ಟೂ ತಿನ್ನುವುದಿಲ್ಲ. ನಿಮ್ಮ ಕೀಲಿಮಣೆಯಲ್ಲಿ ಅದು ಎಲ್ಲಿದೆ ಎಂದು ಒಮ್ಮೆ ಹುಡುಕಿಟ್ಟುಕೊಳ್ಳಿ. ಆಸ್ಕಿಯಿಂದ ಯೂನಿಕೋಡಿಗೆ ಬದಲಾಯಿಸಿದ ಮೇಲೆ ಈ ಪದಗಳನ್ನು ಇನ್ನೊಮ್ಮೆ ನೋಡುವುದನ್ನು ಮರೆಯಬೇಡಿ.

ಇಷ್ಟೆಲ್ಲ ಹೇಳಿ, ತಪ್ಪೆಲ್ಲ ನಿಮ್ಮದೇ ಎಂದರೆ ಅನ್ಯಾಯವಾದೀತು. ನಿಮಗೆ ಕೊಡುವುದು ಪುಟಕ್ಕೆ ಇಷ್ಟು ಎಂದು. ಈ ಅಂಕಿಗಳನ್ನೆಲ್ಲ ಕೂಡಿಸಿ ಸ್ಟೈಲು ಕಟ್ಟಲು ಹಿಡಿಯುವ ಒಂದು ಬೆಳಗಿಗೆ ಯಾರೂ ದುಡ್ಡು ಕೊಡುವುದಿಲ್ಲ. ಪುಸ್ತಕ ಅಚ್ಚಾಗುವುದು 16 ಪುಟದ ಫರ್ಮಾ ಲೆಕ್ಕದಲ್ಲಿ. ಎರಡು ಪುಟ ಹೆಚ್ಚಾಯಿತೋ ‘ಸ್ವಲ್ಪ ಟೈಟ್ ಮಾಡಿ’ ಎಂದು ಪ್ರಕಾಶಕರ ಫೋನು ಬರುತ್ತದೆ, ನೀವು ಇಡೀ ಅಧ್ಯಾಯಕ್ಕೆ ಟ್ರ್ಯಾಕಿಂಗ್ ಮೈನಸ್ 20 ಕೊಟ್ಟು ಒತ್ತುಗಳನ್ನು ಒಂದರ ಮೇಲೊಂದು ಹತ್ತಿಸುತ್ತೀರಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಬೆಲೆ ಪುಟದ ಲೆಕ್ಕದಲ್ಲಿ ಕಟ್ಟುತ್ತಾರಾದ್ದರಿಂದ ಇನ್ನೊಬ್ಬ ಪ್ರಕಾಶಕರಿಗೆ ಪುಟ ಹಿಗ್ಗಬೇಕು. ಹಿಗ್ಗಿಸುವುದಿದ್ದರೆ ಅಂಚು ಅಗಲ ಮಾಡಿ, ಸಾಲುಗಳ ನಡುವೆ ಅರ್ಧ ಪಾಯಿಂಟ್ ಸೇರಿಸಿ. ಕುಗ್ಗಿಸುವುದಿದ್ದರೂ ಅಲ್ಲೇ ಕೈ ಹಾಕಿ. ಓದುವವರ ಕಣ್ಣಿಗೆ ಅದರಿಂದ ನೋವಾಗುವುದಿಲ್ಲ. ಲೇಖಕರಿಗೂ ಒಂದು ವಾಕ್ಯ ಕತ್ತರಿಸಿ ಎನ್ನಬಹುದು, ಅವರಲ್ಲಿ ಬಹುಪಾಲು ಜನರಿಗೆ ಅದು ಒಳ್ಳೆಯದೇ.

ಇನ್‌ಡಿಸೈನಿನ ಪ್ರಿಫರೆನ್ಸಸ್‌ನಲ್ಲಿ ಕಂಪೋಸಿಷನ್ ಎಂಬ ಹಾಳೆ ತೆರೆದು ‘ಎಚ್ ಆ್ಯಂಡ್ ಜೆ ವಯೊಲೇಶನ್ಸ್’ ಎಂಬ ಮನೆಗೆ ಗುರುತು ಹಾಕಿ. ನೀವು ಕೊಟ್ಟ ಮಿತಿ ಮೀರಿ ಹಿಗ್ಗಿದ, ಕುಗ್ಗಿದ ಸಾಲುಗಳೆಲ್ಲ ಹಳದಿಯಾಗಿ ಕಾಣುತ್ತವೆ. ತಪ್ಪು ದೊಡ್ಡದಾದಷ್ಟೂ ಹಳದಿ ಗಾಢ. ಕರಡು ನನಗೆ ಕಳಿಸುವ ಮುಂಚೆ ಆ ಹಳದಿಯನ್ನೊಮ್ಮೆ ನೋಡಿ. ನಿಮ್ಮ ಕೆಲಸಕ್ಕೆ ಹತ್ತು ನಿಮಿಷ ಹೆಚ್ಚಾದೀತು, ನನ್ನದು ಅರ್ಧ ದಿನ ಉಳಿಯುತ್ತದೆ. ಪುಸ್ತಕ ಮುಗಿದ ಮೇಲೆ ಲೇಖಕರಿಗೆ ಪಿಡಿಎಫ್ ಒಂದನ್ನೇ ಕೊಟ್ಟು ಕಳಿಸಬೇಡಿ, ಯೂನಿಕೋಡ್ ಪಠ್ಯದ ಫೈಲನ್ನೂ ಕೊಡಿ. ಆ ಕೆಲಸಕ್ಕೆ, ಸ್ಟೈಲು ಕಟ್ಟುವ ಕೆಲಸಕ್ಕೆ ಬೇರೆ ದರ ಹೇಳಿ; ನನ್ನಲ್ಲಿಗೆ ಬರುವ ಲೇಖಕರಿಗೂ ಪ್ರಕಾಶಕರಿಗೂ ಆ ದುಡ್ಡು ಕೊಡಲೇಬೇಕೆಂದು ನಾನೂ ಹೇಳುತ್ತೇನೆ. ಪೇಜ್‌ಮೇಕರ್ ಬಿಟ್ಟು ಬರುವ ಮನಸ್ಸಿದ್ದೂ ಹಳೆಯ ನುಡಿ ಫೈಲುಗಳ ಗುಡ್ಡೆ ನೋಡಿ ಹೆದರಿ ಕುಳಿತವರು ಹೇಳಿಕಳಿಸಿ. ಭಾನುವಾರ ಬೆಳಿಗ್ಗೆ ಅಂಗಡಿಗೇ ಬರುತ್ತೇನೆ, ಒಂದು ಪುಸ್ತಕವನ್ನು ಒಟ್ಟಿಗೆ ಕೂತು ಬದಲಾಯಿಸೋಣ. ಕಾಫಿ ನಿಮ್ಮ ಖರ್ಚು.

ಇಂತಿ,
ನಿಮ್ಮ ಕರಡು ತಿದ್ದುವವ
ಜಯಲಕ್ಷ್ಮಿಪುರಂ, ಮೈಸೂರು